ಹೊಸ್ತಿಲ ಮೊಳೆ

ನೆಲ ತಣ್ಣಗಿದೆ, ಕೆಂಪಗಿದೆ, ಚಪ್ಪಲಿ ಹೊರಗೆ ಬಿಡಿ ಅಂದದ್ದೇ ಒಳ್ಳೆಯದಾಯಿತು, ಬಸ್ಸಿನಲ್ಲಿ ಜೋತುಬಿದ್ದು ಊದಿಕೊಂಡ ಪಾದಕ್ಕೆ ಯಾರೋ ಒದ್ದೆ ಬಟ್ಟೆ ಸುತ್ತಿದ ಹಾಗೆ — ಅಂದುಕೊಳ್ಳುತ್ತಲೇ ಪುಟ್ಟಗೌರಮ್ಮ ಕಂಕುಳಲ್ಲಿದ್ದ ಎಲೆಅಡಿಕೆ ಚೀಲವನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡಳು, ಇದೆ, ಇಕ್ಕಳ ಇದೆ, ಬಟ್ಟೆಯ ಮೇಲಿಂದಲೇ ಅದರ ಎರಡು ಕಾಲು ಕೈಗೆ ಸಿಗುತ್ತವೆ, ಇದು ಇವತ್ತಿನ ಟೂರಿನ ಮೂರನೆಯ ಜಾಗ, ಹಳೆ ಬಾಗಿಲು ಕೂಡಿಸಿಟ್ಟು ತೋರಿಸುವ ಮ್ಯೂಸಿಯಂ, ಇದೇ ಆ ಮನೆ, ಹೋದ ವರ್ಷ ಸಂಘದ ಹೆಂಗಸರು ಈ ಸಮುದ್ರದ ಸೀಮೆಗೆ ಟೂರು ಬಂದಾಗ ಹನುಮಂತಮ್ಮ ಒಂದು ಬಾಗಿಲ ಮುಂದೆ ನಿಂತು ಫೋಟೋ ಹೊಡೆಸಿಕೊಂಡಿದ್ದಳಲ್ಲ, ಊರಿಗೆ ಬಂದು ತೋರಿಸುವಾಗ ಅವಳ ತಲೆಯ ಹಿಂದೆ ಮೂಗು ಮುರಿದ ಗಿಣಿ ಕಂಡಿತ್ತಲ್ಲ, ಅಯ್ಯೋ ಅದು ನಮ್ಮ ಬಾಗಿಲು ಕಣೆ, ಸೋಲೂರು ಮಗ್ಗುಲ ನಮ್ಮ ಹಟ್ಟಿಯ ಬಾಗಿಲು, ಮೈದುನ ಬೀರಯ್ಯ ಕಿತ್ತು ಮಾರಿದ್ದು, ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಒಂದು ವರ್ಷ ಕಾದಿದ್ದಾಳೆ. ಬೆಳಗಿನ ಮೊದಲ ಜಾಗ ಒಂದು ಚರ್ಚು, ಛಾವಣಿ ತುಂಬಾ ಚಿತ್ರ ಬರೆದಿದ್ದರು, ಹೆಂಗಸರೆಲ್ಲ ಕತ್ತು ಹಿಂದಕ್ಕೆ ಬಾಗಿಸಿ ಬಾಯಿ ಬಿಟ್ಟುಕೊಂಡು ನಿಂತರು, ಅಲ್ಲಿ ಬಲೆ ಎಳೆಯುವ ಬೆಸ್ತರಿದ್ದರು, ಅದರಲ್ಲೊಬ್ಬನ ಬೆನ್ನು ಅಗಲ, ಹೆಗಲು ಒಂದು ಕಡೆ ಇಳಿದಿದೆ, ಕುರಿಮರಿ ಹೊತ್ತು ಹೊತ್ತು ಇಳಿದ ಗಂಡನ ಹೆಗಲಿನ ಹಾಗೆ, ಅವಳು ಸುತ್ತಿ ಬಂದು ಮುಖ ನೋಡಿದಳು, ಚಿತ್ರದವನ ಮುಖಕ್ಕೆ ಯಾರಾದರೂ ಸುತ್ತಿ ಬರುತ್ತಾರಾ, ಚಿನ್ನದ ಗಡ್ಡ, ನೀಲಿ ಕಣ್ಣು, ಥೂ. ಎರಡನೆಯದು ಯಾರೋ ಸಾಹುಕಾರ ಬದುಕಿ ಸತ್ತ ಬಂಗಲೆ, ಕಿಟಕಿಯಾಚೆಗೆ ಕಡಲು, ಅವನ ಮಂಚ, ಅವನ ಕೋಲು, ಮೇಜಿನ ಮೇಲೆ ಪಿಂಗಾಣಿ ತಟ್ಟೆ ಜೋಡಿಸಿಟ್ಟು ಸುತ್ತ ಹಗ್ಗ ಕಟ್ಟಿದ್ದಾರೆ, ಹನುಮಂತಮ್ಮನಿಗೆ ನಗು ತಡೆಯಲಿಲ್ಲ, ನೋಡ್ರವ್ವ, ಸತ್ತೋನ್ಗೆ ಊಟಕ್ಕಿಕ್ಕವ್ರೆ, ನಾವು ಪಿತೃಪಕ್ಸದಲ್ಲಿ ಎಡೆ ಇಕ್ಕಲ್ವಾ ಹಂಗೆ, ಒಸಿ ಬಾಡಿನ ಸಾರು ಬುಟ್ಟಿದ್ರೆ ಎದ್ದು ಬಂದ್ಬುಡ್ತಿದ್ನೇನೋ — ಎಲ್ಲರೂ ನಕ್ಕರು, ಪುಟ್ಟಗೌರಮ್ಮನೂ ನಕ್ಕಳು, ಗಂಡ ಮಂಚಯ್ಯನಿಗೂ ಎಡೆ ಇಟ್ಟಿದ್ದರಲ್ಲ, ಮೊದಲ ವರ್ಷವೇ ಕಾಗೆ ಮುಟ್ಟಲಿಲ್ಲ, ಮಧ್ಯಾಹ್ನ ಇಳಿದರೂ ಅನ್ನದ ಮೇಲೆ ನೊಣ ಮಾತ್ರ, ನಿಮ್ಮಣ್ಣ ಸತ್ತಿದ್ರೆ ತಾನೆ ಕಾಗೆ ಬರೋದು ಅಂತ ಅವಳು ಮೆತ್ತಗೆ ಅಂದದ್ದಕ್ಕೆ ಬೀರಯ್ಯ ಸಿಡುಕಿದ, ಬಿಡದಿ ಫ್ಯಾಕ್ಟ್ರಿ ಬಂದ್ಮೇಲೆ ಕಾಗೆ ಎಲ್ಲವೆ ಅತ್ತಿಗೆ, ಸುಮ್ಕೆ ಎತ್ತಿ ಹಸೀಗಿಕ್ಕು. ಹಸುವಿಗೆ ಹಾಕಿದಳು. ಗಂಡನ ಎಡೆಯನ್ನು ಹಸು ತಿಂದಿತು.

ಸತ್ತವನು ಅಂತ ಯಾರು ಕಂಡರು, ಕಂಬಳಿಯನ್ನು ಕಂಡರು. ಆ ಬೇಸಿಗೆ ಕುರಿ ಹೊಡೆದುಕೊಂಡು ಕುಣಿಗಲ್ಲಿನಾಚೆ ಹೋದವನು, ಕುರಿಗಳನ್ನು ಯಾರೋ ಅಟ್ಟಿಕೊಂಡು ಬಂದರು, ಅವನು ಬರಲಿಲ್ಲ, ಆಮೇಲೆ ಒಂದು ಕೆರೆಯಲ್ಲಿ ಹೆಣ ತೇಲಿದೆ ಅಂತ ಸುದ್ದಿ, ಮುಖವನ್ನು ಮೀನು ತಿಂದಿತ್ತಂತೆ, ಹೆಗಲಿಗೆ ಸುತ್ತಿಕೊಂಡ ಕರಿ ಕಂಬಳಿಯ ಮೂಲೆಯಲ್ಲಿ ಹಸಿರು ದಾರದ ಹೊಲಿಗೆ, ಹೌದು, ಹೊಲಿದವಳು ಅವಳೇ, ಅಷ್ಟು ನೋಡಿದ್ದೇ ಬೀರಯ್ಯ ನಮ್ಮಣ್ಣನೇ ಕಣ್ರಪ್ಪ ಅಂತ ಬಾಯಿ ಬಡಿದುಕೊಂಡು ಅಲ್ಲೇ ಮಣ್ಣು ಮಾಡಿ ಬಂದ, ಕುರಿ ಕಾಯುವವರು ಚಳಿಯಲ್ಲಿ ಒಬ್ಬರ ಕಂಬಳಿ ಒಬ್ಬರು ಹೊದೆಯುವುದಿಲ್ಲವಾ, ಇವನಂತೂ ಯಾರು ನಡುಗಿದರೂ ಬಿಚ್ಚಿಕೊಡುವವನು, ಮದುವೆಯಾದ ಹೊಸದರಲ್ಲಿ ಅದಕ್ಕೇ ಜಗಳ, ನಿಂಗೆ ನಿನ್ ಮೈಯಿ ಅಂತ ಒಂದೈತೆ ಅನ್ನೋ ಗ್ಯಾನ ಐತಾ ಇಲ್ವಾ. ಹನ್ನೊಂದನೆಯ ದಿನ ಬಳೆ ಒಡೆಸಿ ಅವಳನ್ನು ಒಳಗೆ ಕೂರಿಸಿದ್ದರು, ಹೊರಗೆ ಟಣ್ ಟಣ್ ಸದ್ದು, ದೇವರ ಕೆಲಸ ಮಾಡುವ ಮುದುಕ ಕೆಂಚಯ್ಯ ಹೇಳಿದ್ದ, ಸತ್ತ ಗಳಿಗೆ ಕೆಟ್ಟದ್ದು, ಮನೆಗೆ ತಿರುಗಿ ಬತ್ತಾನೆ, ಅವ್ನ್ ಹೆಸ್ರು ಹೇಳಿ ಹೊಸ್ತಿಲಿಗೆ ಕುದುರೆ ಲಾಳದ ಮೊಳೆ ಹೊಡೀರಿ — ಪ್ರತಿ ಪೆಟ್ಟಿಗೂ ಮಂಚಯ್ಯ, ಮಂಚಯ್ಯ ಅಂತ ಬೀರಯ್ಯನ ಗಂಟಲು, ಕರೆಯುವ ಹಾಗೇ ಕೇಳುತ್ತಿತ್ತು, ಬರಬೇಡ ಅನ್ನುವುದಕ್ಕೂ ಹೆಸರು ಹಿಡಿದೇ ಕರೆಯಬೇಕಲ್ಲ. ಬೆಳಗಾದರೆ ಹೊಸ್ತಿಲು ತೊಳೆದು ಅರಿಶಿನ ಹಚ್ಚುವಾಗ ಬೆರಳಿಗೆ ಆ ಮೊಳೆಯ ತಲೆ ಸಿಗುತ್ತಿತ್ತು, ಅದರ ಮೇಲೂ ಹಚ್ಚುತ್ತಿದ್ದಳು, ಏನು ಮಾಡುವುದು, ಹೊಸ್ತಿಲು ಹೊಸ್ತಿಲೇ. ಆಮೇಲೆ ಬಂದವನು ಸನಾವುಲ್ಲಾ, ಚನ್ನಪಟ್ಟಣದವನು, ಎಳನೀರು ತುಂಬಿಕೊಂಡು ಮಂಗಳೂರಿಗೆ ಲಾರಿ ಹೊಡೆಯುವವನು, ಜಗಲಿಯಲ್ಲಿ ಕೂತು ನೀರು ಕುಡಿದು ಹೇಳಿದ, ಗೌರಕ್ಕ, ಅಲ್ಲಾನ್ ಆಣೆ, ಮಂಗ್ಳೂರಲ್ಲಿ ದೋಣಿ ನಿಲ್ಲೋ ಮೀನಿನ ದಕ್ಕೆಯಾಗೆ ಕಂಡೆ ಮಂಚಣ್ಣನ್ನ, ಐಸ್ ಹೊರ್ತಾ ಇದ್ದ, ಮಂಚಣ್ಣೋ ಅಂದೆ, ತಿರುಗ್ದ, ಗೌರಿ ಹೆಂಗವ್ಳೆ ಅಂದ, ಬತ್ತೀನಿ ಅಂತ ಹೇಳು ಅಂದ. ಬತ್ತೀನಿ ಅಂತ ಹೇಳು. ಬೀರಯ್ಯ ಸನಾವುಲ್ಲಾನನ್ನು ಅಟ್ಟಿಯೇಬಿಟ್ಟ, ಏನ್ಲಾ, ಕಾರ್ಯ ಆದ್ ಮನೇಲಿ ಕತೆ ಕಟ್ಟೀಯಾ, ಲೇ, ಎದ್ದೋಗ್ಲಾ. ಆ ಹೊತ್ತಿಗೆ ಹೊಲ ಬೀರಯ್ಯನ ಹೆಸರಿಗೆ ಆಗಿತ್ತು, ಅದಕ್ಕಾ, ಇಲ್ಲ, ಅವನಿಗೂ ಹೆದರಿಕೆ, ಮೊಳೆ ಕೀಳು ಮೈದುನ ಅಂತ ಕಾಲು ಹಿಡಿದರೆ, ಕಿತ್ರೆ ಇನ್ನೊಂದು ಹೆಣ ಬೀಳ್ತದೆ ಅಂತವ್ನೆ ಕೆಂಚಯ್ಯ, ನನ್ ಮಕ್ಳು ಸಣ್ಣವು. ತಾನೇ ಕೀಳೋಣ ಅಂತ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಮುಂದೂಡಿದಳು, ಕನಕಪುರದಲ್ಲಿ ತಂಗಿಗೆ ಬಾಣಂತನ ಮುಗಿಸಿ ಬರುವಷ್ಟರಲ್ಲಿ ಹಳೆಮನೆಯ ಗೋಡೆ ಬಾಯಿ ತೆರೆದಂತಿತ್ತು, ಬಾಗಿಲೂ ಇಲ್ಲ ಹೊಸ್ತಿಲೂ ಇಲ್ಲ, ಹಳೇ ಮರದವ್ರು ಬಂದಿದ್ರು, ತಕೊಂಡೋದ್ರು, ಆರ್‌ಸಿಸಿ ಮನೆಗೆ ಆ ಹುಳುಕು ಯಾಕೆ ಅತ್ತಿಗೆ. ಹೊಸ್ತಿಲು ಹೋದರೆ ಕಟ್ಟು ಬಿಟ್ಟಂಗೆ ಅಲ್ವಾ ಅಂತ ಕೆಂಚಯ್ಯನ ಹತ್ತಿರ ಓಡಿದಳು, ಮನೇಗಲ್ಲ ಕಣವ್ವ, ಹೆಸ್ರಿಗೆ ಹೊಡ್ದಿರೋದು, ಆ ಮೊಳೆ ಎಲ್ಲೇ ಇದ್ರೂ ಅವ್ನು ಅಲ್ಲೇ ನಿಂತ್ಕೋತಾನೆ, ದಾಟಕ್ಕಿಲ್ಲ. ಹಾಗಂದವನು ಅದೇ ವರ್ಷ ತಾನೂ ತೀರಿಕೊಂಡ. ಎಲ್ಲೇ ಇದ್ದರೂ — ಎಲ್ಲಿ ಅಂತ ಹುಡುಕುವುದು, ಈಗ ಗೊತ್ತಾಯಿತಲ್ಲ, ಅವನಿರುವ ಕಡಲ ದಂಡೆಗೇ ಹೊಸ್ತಿಲೂ ಬಂದು ಕೂತಿದೆ, ಊರಿಗೂ ಅವನಿಗೂ ನಡುವೆ, ಪಾಪದವನು ದಿನಾ ಬಂದು ಎಡವಿ ಹಿಂದಕ್ಕೆ ಹೋಗುತ್ತಿರಬೇಕು.

ಗೌರಕ್ಕ ಎಲ್ಲಿ ಕಳ್ದೋದೆ, ಬಾ, ಮುನಿರತ್ನಮ್ಮ ಕೂಗುತ್ತಾಳೆ, ಟೂರಿನ ಯಜಮಾನಿಕೆ ಅವಳದು, ಬಾಗಿಲಲ್ಲಿ ಚೀಲ ತಡಕಿದ ಕಾವಲುಗಾರನಿಗೆ ಇಕ್ಕಳ ಸಿಕ್ಕಾಗ ಅವಳೇ ಮಾನ ಉಳಿಸಿದ್ದು, ಅಡಿಕೆ ಒಡ್ಯಕ್ಕೆ ಕಣಪ್ಪ, ಹಲ್ಲಿಲ್ಲ ನಮ್ಮಕ್ಕಂಗೆ, ಅಂದು ಕಣ್ಣು ಹೊಡೆದು ಒಳಗೆ ತಳ್ಳಿದ್ದಳು. ಬಾಗಿಲು, ಬಾಗಿಲು, ಗೋಡೆಯೇ ಇಲ್ಲದೆ ನಿಂತ ಬಾಗಿಲುಗಳು, ಯಾರ್ಯಾರ ಮನೆಯವೋ, ಒಂದೊಂದರ ಮೇಲೂ ದೀಪ, ಎಣ್ಣೆ ಕುಡಿದು ಮಿರಮಿರ ಮಿಂಚುತ್ತವೆ, ವಾಸನೆ ಗಂಟಲಿಗೆ ಹತ್ತುತ್ತದೆ, ಮತ್ತೆ ಕೊನೆಯಲ್ಲಿ, ಅಗೋ, ಗಿಣಿ. ನಮ್ಮ ಗಿಣಿ. ಅತ್ತೆ ಎಲೆಅಡಿಕೆ ಕುಟ್ಟುತ್ತ ಕೂತು ಕೂತು ಹಳ್ಳ ಬಿದ್ದ ಹೊಸ್ತಿಲು, ಇಷ್ಟು ಚೆಂದ ಇದ್ದೆಯಾ ನೀನು, ನಮ್ಮನೆಯಲ್ಲಿ ಹೊಗೆ ತಿಂದುಕೊಂಡು ಬಿದ್ದಿದ್ದೆಯಲ್ಲ, ಅವಳು ನಮಸ್ಕಾರ ಮಾಡುವವಳ ಹಾಗೆ ಕುಕ್ಕರುಗಾಲಲ್ಲಿ ಕೂತಳು, ಸೆರಗನ್ನು ಮುಂದಕ್ಕೆ ಚಾಚಿ ಮರೆ ಮಾಡಿದಳು, ಚೀಲದೊಳಗೆ ಕೈ, ಬಲಕ್ಕೆ ಒಂದು ಗೇಣು, ಇಲ್ಲೇ, ಕಣ್ಣು ಮುಚ್ಚಿ ಅರಿಶಿನ ಹಚ್ಚಿದ ಜಾಗ, ಇಲ್ಲೇ ಇರಬೇಕು, ಬೆರಳು ಹೋಯಿತು, ಬಂತು, ಮತ್ತೆ ಹೋಯಿತು, ಬರೀ ನುಣುಪು. ಎಂತ ಹುಡುಕುವುದು ಅಮ್ಮ, ಮುಟ್ಟಬಾರದು ಮಾರಾಯ್ರೆ — ಮ್ಯೂಸಿಯಂ ತೋರಿಸುವ ಹುಡುಗಿ, ಬೈಯುವ ದನಿಯಲ್ಲ, ಪಕ್ಕದಲ್ಲೇ ಬಂದು ಕೂತಳು. ಇಲ್ಲೊಂದು ಮೊಳೆ ಇತ್ತಲ್ಲ ಮಗ. ಓ, ಅದಾ, ನಿಮಗೆ ಹೇಗೆ ಗೊತ್ತು, ಅದಕ್ಕೆ ಯಾರದ್ದೋ ಸೀರೆ ಸಿಕ್ಕಿ ಹರಿಯಿತು, ಆಚಾರಿ ಕಿತ್ತು ಅರಗು ತುಂಬಿ ಮೇಲೆ ಗೇರುಸಿಪ್ಪೆಯ ಎಣ್ಣೆ ಬಳಿದರು, ನೋಡಿ, ಗೊತ್ತೇ ಆಗುವುದಿಲ್ಲ. ಯಾವಾಗ ಕಿತ್ತಿದ್ದು. ಬಾಗಿಲು ಬಂದ ವರ್ಷವೇ, ನಾನಾಗ ಹೊಸದಾಗಿ ಸೇರಿದ್ದು, ಒಂಬತ್ತು ವರ್ಷ ಆಯಿತಲ್ಲ. ಮೊಳೆ ಎಲ್ಲೈತೆ. ಬಿಸಾಡಿರಬೇಕಮ್ಮ, ತುಕ್ಕು ಹಿಡಿದದ್ದು.

ಒಂಬತ್ತು ವರ್ಷ. ಹುಡುಗಿ ಎದ್ದು ಹೋದಳು, ಹೊರಗೆ ಬಸ್ಸಿನ ಹಾರನ್ನು, ಗೌರಕ್ಕ ಬಾರೆ, ಡ್ರೈವರ್ರು ಬೈತಾವ್ನೆ, ಅನ್ನುವ ಕೂಗು, ಏಳಬೇಕು, ಒಂಬತ್ತು ವರ್ಷದಿಂದ ದಾರಿ ಖುಲ್ಲಾ ಇದೆ, ದಕ್ಕೆಯಿಂದ ಕುಣಿಗಲ್ಲಿಗೆ ನೇರ ಬಸ್ಸು, ಅಲ್ಲಿಂದ ಊರೇನು ದೂರ, ಕಾಯಿಲೆ ಬಿದ್ದಿರಬಹುದು, ಇರಬಹುದು, ಒಂಬತ್ತು ವರ್ಷ ಕಾಯಿಲೆಯಾ, ಬದುಕಿದ್ದರೆ ನಡೆದು ಬರಬೇಕಿತ್ತು, ಆ ಕೆರೆಯಲ್ಲೇ ಸತ್ತಿದ್ದರೆ ಕೆಂಚಯ್ಯ ಹೆದರಿಸಿದ ಹಾಗೆ ದೆವ್ವವಾದರೂ ಬಂದು ಅಟ್ಟದಲ್ಲಿ ಪಾತ್ರೆ ಉರುಳಿಸಬೇಕಿತ್ತು, ಎರಡೂ ಇಲ್ಲ, ಬತ್ತೀನಿ ಅಂತ ಹೇಳು, ಸನಾವುಲ್ಲಾ ಕುಡಿದ ನೀರಿನ ಋಣಕ್ಕೆ ಒಂದು ಒಳ್ಳೆಯ ಮಾತು ಹೇಳಿ ಹೋದನಾ, ಇಲ್ಲ, ಮಂಚಯ್ಯನೇ ಅಂದಿರಬೇಕು, ಬತ್ತೀನಿ ಅನ್ನುವುದು ಸಂತೆಯಲ್ಲಿ ಎದುರಾದವರಿಗೂ ಅನ್ನುವ ಮಾತು, ಯಾರೂ ತಡೆಯಲಿಲ್ಲ ಅವನನ್ನು, ಬೀರಯ್ಯನೂ ಅಲ್ಲ, ಕೆಂಚಯ್ಯನೂ ಅಲ್ಲ, ಕಬ್ಬಿಣವೂ ಅಲ್ಲ, ಬೆರಳು ಇನ್ನೂ ಅಲ್ಲೇ ಇದೆ, ಉಗುರಿನಿಂದ ಕೆರೆದರೆ ಗೊತ್ತಾಗುತ್ತದೆ, ಅವರೆಕಾಳಿನಷ್ಟು, ಸುತ್ತಲ ಮರಕ್ಕಿಂತ ಒಸಿ ಕಪ್ಪು, ಒಸಿ ತಣ್ಣಗೆ, ತುಂಬಿ ಮುಚ್ಚಿದ ತೂತು, ಅವರೆಕಾಳಿನಷ್ಟು, ನುಣ್ಣಗೆ, ತೂತು —