ಚೌಡಣ್ಣನ ಹದಿನೆಂಟು ಸೆಕೆಂಡು

ಆಸ್ಪತ್ರೆಯ ಸಾಲಿನಲ್ಲಿ ಚೌಡಣ್ಣ, ಮಂಜಮ್ಮರ ಮುಂದೆ ಇನ್ನು ಮೂರೇ ಜನ ಉಳಿದಿದ್ದರು. ಅಷ್ಟರಲ್ಲಿ ಪಕ್ಕದ ಸಾಲಿನ ಹೆಂಗಸೊಬ್ಬಳು ಗಂಡನ ಪಕ್ಕೆ ತಿವಿದು, "ಟಿವಿಯಾಗ ಅತ್ತಿದ್ನಲ್ಲ, ಅವನಾ ನೋಡ್ರಿ ಇವ" ಎಂದಳು. ಪಿಸುಮಾತೇ ಅದು, ಆದರೆ ಬಸ್ ನಿಲ್ದಾಣದವರೆಗೆ ಕೇಳಿಸುವ ಜಾತಿಯ ಪಿಸುಮಾತು. ಚೌಡಣ್ಣ ಟವೆಲನ್ನು ತಲೆಯ ಮೇಲೆ ಎಳೆದುಕೊಂಡು ಸಾಲು ಬಿಟ್ಟು ಹೊರಟೇ ಬಿಟ್ಟ. ಮಂಜಮ್ಮ ಚೀಟಿ ಹಿಡಿದುಕೊಂಡು ಗಂಡನ ಹಿಂದೆ ಓಡಿದಳು. ಮನಸ್ಸಿನ ಕಾಯಿಲೆ ನೋಡುವ ಡಾಕ್ಟರು ಕೂಡ್ಲಿಗಿಗೆ ಬರುವುದು ತಿಂಗಳಿಗೊಂದು ಮಂಗಳವಾರ. ಅವನನ್ನು ಆ ಸಾಲಿನ ತನಕ ತರಲು ಅವಳಿಗೆ ನಾಲ್ಕು ತಿಂಗಳು ಹಿಡಿದಿತ್ತು.

ಹೊಸಹಳ್ಳಿಗೆ ವಾಪಸು ಬರುವ ಬಸ್ಸಿನಲ್ಲಿ ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಸಾಕಾಗಿತ್ತು, ಅಷ್ಟೆ. ಅವನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ. ಮನೆಯಲ್ಲಿದ್ದರೆ ಗೋಡೆಯ ಕಡೆ ಮುಖ ಮಾಡುತ್ತಿದ್ದ, ವ್ಯತ್ಯಾಸ ಇಷ್ಟೇ.

ಚೌಡಣ್ಣ ಕುರಿಗಳ ಉಣ್ಣೆ ಕತ್ತರಿಸುವವನು. ನಾಲ್ಕು ಜನರ ಗುಂಪು ಕಟ್ಟಿಕೊಂಡು ಕೊಟ್ಟೂರು, ಹಿರೇಹಡಗಲಿ, ಅರಸೀಕೆರೆಯ ತನಕ ಹಟ್ಟಿಯಿಂದ ಹಟ್ಟಿಗೆ ಹೋಗುತ್ತಿದ್ದ. ಅವನ ಕೈಗೆ ಸಿಕ್ಕ ಕುರಿ ಒದ್ದಾಡುವುದಿಲ್ಲ ಎಂದು ಕುರಿಯವರು ಹೇಳಿ ಕರೆಸುತ್ತಿದ್ದರು. ಕುಡಿಯುವವನಲ್ಲ, ಹೊಡೆಯುವವನಲ್ಲ. ಮದುವೆಯಾಗಿ ಆರು ವರ್ಷಕ್ಕೆ ಹುಟ್ಟಿದ ಗಂಡುಕೂಸು ಏಳೇ ದಿನಕ್ಕೆ ಹೋಯಿತು. ಅದನ್ನು ಬದುವಿನಲ್ಲಿ ಮಣ್ಣು ಮಾಡಿ ಬಂದವನು ಕಾಲು ತೊಳೆದುಕೊಂಡು ಒಳಗೆ ಬಂದ, ಬಾಯಿ ಮುಚ್ಚಿದ. ಆಮೇಲೆ ಇದ್ದಿದ್ದು ಹೂಂ, ಉಹೂಂ, ಎರಡೇ. ಹನ್ನೊಂದು ತಿಂಗಳು ಹೀಗೇ ಹೋಯಿತು. ಮಾತಾಡದ ಮನುಷ್ಯನ ಜೊತೆ ಹನ್ನೊಂದು ತಿಂಗಳು ಉಂಡು ಮಲಗಿ ಎದ್ದವರಿಗೆ ಮಾತ್ರ ಅದರ ಸಂಕಟ ಗೊತ್ತು. ಉಳಿದವರು ದಯಮಾಡಿ ಮಂಜಮ್ಮನಿಗೆ ಬುದ್ಧಿ ಹೇಳಲು ಬರಬಾರದು.

ಟಿವಿಯಲ್ಲಿ ಸಂಸಾರದ ತಾಪತ್ರಯ ಬಗೆಹರಿಸುವ ಕಾರ್ಯಕ್ರಮವೊಂದು ಬರುತ್ತಿತ್ತು. ಕೆಳಗೆ ಓಡುವ ನಂಬರಿಗೆ ಫೋನು ಮಾಡಿದವಳು ಅವಳೇ. ನಾಲ್ಕನೇ ದಿನಕ್ಕೆ ಕಾರು ಬಂತು. ದೊಡ್ಡ ಡಾಕ್ಟರು ಇರುತ್ತಾರೆ, ಮಾತಾಡಿಸುತ್ತಾರೆ ಎಂದು ಹೇಳಿ ಗಂಡನನ್ನು ಕೂರಿಸಿಕೊಂಡು ಬೆಂಗಳೂರಿಗೆ ಹೋದಳು. ಅಲ್ಲಿ ಡಾಕ್ಟರ ಬದಲು ಒಬ್ಬ ಹುಡುಗಿ ಇದ್ದಳು. ಬಹಳ ಒಳ್ಳೆಯ ಹುಡುಗಿ, ಮಾತಿಗೊಮ್ಮೆ ಅಕ್ಕಾ ಎನ್ನುವಳು. ಟೀ ತರಿಸಿಕೊಟ್ಟಳು, ಎಣ್ಣೆ ಹಚ್ಚಿ ಬಾಚಿದ್ದ ಇವಳ ತಲೆಯನ್ನು ಕೈಯಾರೆ ಕೆದರಿದಳು. "ನೀವು ಇಷ್ಟು ಮೆತ್ತಗೆ ಮಾತಾಡಿದ್ರೆ ಅವರು ಬಾಯೇ ಬಿಡಲ್ಲ ಅಕ್ಕಾ. ಸಿಟ್ಟು ಬಂದಾಗ ಯಾರಾದ್ರೂ ರೀ ಅಂತಾರಾ? ಅವರಿಗೆ ಚುಚ್ಚೋ ಹಾಗೆ ಒಂದು ಮಾತು ಹೇಳ್ಬಿಡಿ" ಎಂದು ಆ ಮಾತನ್ನು ಅವಳೇ ಹೇಳಿಕೊಟ್ಟಳು.

ಬೆಂಕಿಯಂಥ ದೀಪಗಳ ಕೆಳಗೆ ನಿರೂಪಕಿ ಚೌಡಣ್ಣನನ್ನು, "ನೀವೊಬ್ಬ ಗಂಡಸಾ?" ಎಂದು ಮೂರು ಸಲ ಕೇಳಿದರು. ಅವನು ನೆಲ ನೋಡುತ್ತಾ ಕುಳಿತಿದ್ದ. ಹುಡುಗಿ ಕ್ಯಾಮೆರಾದ ಹಿಂದಿನಿಂದ ಕೈ ಎತ್ತಿ ತೋರಿಸಿದಳು. ಮಂಜಮ್ಮ ಎದ್ದು ನಿಂತು, "ನಿನ್ನಂಥ ಗಂಡ ಇದ್ರೆಷ್ಟು, ಸತ್ರೆಷ್ಟು!" ಎಂದಳು. ಚೌಡಣ್ಣ ಕುರ್ಚಿಯಿಂದ ಜಾರಿ ಮೊಣಕಾಲೂರಿ ಬಿದ್ದು, "ನನ್ ಕೂಸ್ ಕೊಡ್ರೋ, ನನ್ ಕೂಸ್ ಕೊಡ್ರೋ" ಎಂದು ಎದೆ ಹೊಡೆದುಕೊಂಡು ಅತ್ತ. ನಿರೂಪಕಿ ಕಣ್ಣೊರೆಸಿಕೊಂಡರು, ಜಾಹೀರಾತು ಬಂತು. ಇವರಿಗೊಂದು ಸೀರೆ, ಒಂದು ಕುಕ್ಕರು ಕೊಟ್ಟು ಕಾರು ಹತ್ತಿಸಿದರು. ಡಾಕ್ಟರು ಮುಂದಿನ ವಾರ ಫೋನು ಮಾಡುತ್ತಾರೆ ಎಂದಿದ್ದರು, ಆ ಮುಂದಿನ ವಾರ ಇನ್ನೂ ಬಂದಿಲ್ಲ.

ಫೋನಿನ ಬದಲು ವಿಡಿಯೊ ಬಂತು. ಯಾವನೋ ಪುಣ್ಯಾತ್ಮ ಆ ಅಳುವಿಗೆ ಡಿಜೆ ತಾಳ ಕೂರಿಸಿದ್ದ. ಒಟ್ಟು ಹದಿನೆಂಟು ಸೆಕೆಂಡು. ಮ್ಯಾಚ್ ಸೋತರೆ ಚೌಡಣ್ಣ ಅಳುತ್ತಿದ್ದ, ಪರೀಕ್ಷೆ ಫೇಲಾದರೆ ಅಳುತ್ತಿದ್ದ, ಈರುಳ್ಳಿ ರೇಟು ಬಿದ್ದರೂ ಅವನೇ ಅಳಬೇಕು. ಹಿರೇಹಡಗಲಿಯ ಹಟ್ಟಿಯೊಂದರಲ್ಲಿ ಅವನು ಕುರಿಯನ್ನು ಮಗ್ಗುಲಿಗೆ ಹಾಕಿಕೊಂಡು ಕುಳಿತಿದ್ದಾಗಲೇ ಬೆನ್ನ ಹಿಂದೆ ಯಾರೋ ಆ ತಾಳ ಹಚ್ಚಿದರಂತೆ. ಅರ್ಧ ಉಣ್ಣೆ ತೆಗೆದ ಕುರಿಯನ್ನು ಹಾಗೇ ಬಿಟ್ಟು ಎದ್ದು ಬಂದವನು ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಮಂಜಮ್ಮ ಮನೆಯಲ್ಲಿದ್ದ ಹೊಲದ ಔಷಧಿಯನ್ನು ನಾದಿನಿ ಸುಂಕಮ್ಮನ ಮನೆಗೆ ಸಾಗಿಸಿದಳು. ಕೂಲಿಗೆ ಹೋದರೂ ಮಧ್ಯಾಹ್ನ ಒಮ್ಮೆ ಓಡಿ ಬಂದು, ಬಾಗಿಲ ಸಂದಿಯಿಂದ ಅವನ ಬೆನ್ನು ಉಸಿರಾಡುತ್ತಿದೆಯೇ ಎಂದು ನೋಡಿ ಹೋಗುತ್ತಿದ್ದಳು. ಜೀವದ ಮೇಲೆ ಆಸೆ ಬಿಟ್ಟವರನ್ನು ಕಾಯುವುದು ಎಷ್ಟು ದಣಿವಿನ ಕೆಲಸ ಎಂದು ಯಾವ ಟಿವಿಯೂ ತೋರಿಸುವುದಿಲ್ಲ.

ಆಸ್ಪತ್ರೆಯಿಂದ ಬಂದ ಸಂಜೆಯೇ ಅವಳು ಹಾಲೇಶಪ್ಪನವರ ಮನೆಗೆ ಹೋದಳು. ಊರಿನ ನ್ಯಾಯ ನೋಡುವ ಹಿರಿಯರಿಗೆ ಆ ಕಡೆ ದೈವಸ್ಥರು, ಅವರು ಕೂಡುವ ಸಭೆಗೆ ದೈವ ಎನ್ನುತ್ತಾರೆ, ಹಾಲೇಶಪ್ಪ ಅವರ ಯಜಮಾನ. ದೈವಸ್ಥರ ಒಂದು ಕಟ್ಟುಪಾಡು ಅವಳ ತಲೆಯಲ್ಲಿ ಬಸ್ಸಿನಿಂದಲೂ ಕೊರೆಯುತ್ತಿತ್ತು. ಜಗಳವೊಂದನ್ನು ಕೇಳಿ ತೀರ್ಮಾನ ಮಾಡಿ ವೀಳ್ಯ ಇಟ್ಟರೆಂದರೆ ಅದು ಮುಗಿದ ಮಾತು. ಆಮೇಲೆ ಊರಲ್ಲಿ ಯಾರೂ ಅದನ್ನು ಎತ್ತುವಂತಿಲ್ಲ, ಎತ್ತಿದವರು ಗುಡಿಯ ಮುಂದೆ ತಪ್ಪುಕಾಣಿಕೆ ಇಟ್ಟು ಅಡ್ಡ ಬೀಳಬೇಕು.

"ಯಜಮಾನ್ರೇ, ನಮ್ಮ ಮಾತು ದೈವದಾಗ ಮುಗಿಸಿ ಕೊಡ್ರಿ" ಎಂದಳು.

"ಜಗಳನಾ ಇಲ್ಲಲ್ಲವ್ವಾ, ಏನು ಮುಗಿಸೋದು?"

"ವಿಡಿಯೊ ಐತಲ್ರೀ. ಅದನ್ನ ಮುಗಿಸ್ರಿ."

ಹಾಲೇಶಪ್ಪ ಎಲೆ ಅಡಿಕೆ ಜಗಿಯುವುದು ನಿಲ್ಲಿಸಿದರು. "ಮೊದಲಾ ನಮ್ಮತ್ರ ಬಂದಿದ್ರ ಇಷ್ಟೆಲ್ಲಾ ಆಗ್ತಿತ್ತೇನು? ಊರು ಬಿಟ್ಟು ಬೆಂಗಳೂರಿಗೆ ಹೋದಿ."

"ಬಂದಿದ್ರ ಏನ್ ಮಾಡ್ತಿದ್ರಿ? ಅವ್ರನ್ನ ಮಾತಾಡಸ್ತಿದ್ರೇನು?"

ಯಜಮಾನರು ಎಲೆಯ ತಟ್ಟೆ ಪಕ್ಕಕ್ಕೆ ಸರಿಸಿದರು. ಪಾಪ, ಅವರದು ಮಾತಾಡುವವರನ್ನು ಸುಮ್ಮನಿರಿಸುವ ವಿದ್ಯೆ. "ನಮ್ಮ ವೀಳ್ಯ ಊರ ಗಡಿ ದಾಟಂಗಿಲ್ಲ, ತಿಳಕಾ" ಎಂದರು. ಊರಷ್ಟಾದರೂ ಆಗಲಿ ಎಂದಳು ಮಂಜಮ್ಮ.

ಸೋಮವಾರ ಬೆಳಿಗ್ಗೆ ಊರಮ್ಮನ ಗುಡಿಯ ಕಟ್ಟೆಯ ಮೇಲೆ ದೈವಸ್ಥರು ಸೇರಿದರು. ಚೌಡಣ್ಣನನ್ನು ಸುಂಕಮ್ಮನೂ ಮಂಜಮ್ಮನೂ ಆಚೀಚೆ ಹಿಡಿದುಕೊಂಡೇ ಕರೆತಂದರು. ಅವನು ಬೇವಿನ ಮರಕ್ಕೆ ಬೆನ್ನು ಕೊಟ್ಟು ಕುಳಿತ. ಜನ ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು, ಅದನ್ನು ಅಲ್ಲಗಳೆಯುವಂತಿಲ್ಲ.

ಆದರೆ ದೈವದ ರೀತಿ ಒಂದಿದೆ. ಮುಗಿಸುವ ಮುಂಚೆ ಮಾತು ಒಂದು ಸಲ ಪೂರ್ತಿಯಾಗಿ ಎಲ್ಲರ ಮುಂದೆ ಬರಬೇಕು. ಇಲ್ಲದಿದ್ದರೆ ನಾಳೆ ಒಬ್ಬ, ನಾನು ಕೇಳಿದ್ದು ಅದಲ್ಲ, ಬೇರೆ ಎನ್ನಬಹುದು. ನೂರಾರು ಜಗಳ ಹೀಗೇ ತೀರಿಸಿದ ಹಾಲೇಶಪ್ಪನವರಿಗೆ ಬೇರೆ ಏನೂ ಹೊಳೆಯಲಿಲ್ಲ. "ಮಾರೇಶಾ, ಒಮ್ಮೆ ಹಚ್ಚಪ್ಪಾ. ಇದಾ ಕಡೀದು" ಎಂದರು. ಪಂಚಾಯ್ತಿ ಮೆಂಬರ್ ಮಾರೇಶ್ ಫೋನು ತೆಗೆದ. ಎಲ್ಲರಿಗೂ ಕೇಳಲಿ ಎಂದು, ಭಜನೆಗೆ ಇಟ್ಟಿದ್ದ ದೊಡ್ಡ ಸ್ಪೀಕರಿಗೆ ಅದನ್ನು ಜೋಡಿಸಿದ.

ಅವನ ಫೋನಿನಲ್ಲಿದ್ದುದೂ ಡಿಜೆ ಹಾಕಿದ್ದೇ. ಊರಲ್ಲಿ ಯಾರ ಹತ್ತಿರವೂ ಬೇರೆಯದು ಇರಲಿಲ್ಲ. ನನ್ ಕೂಸ್, ನನ್ ಕೂಸ್, ನನ್ ಕೂಸ್ ಕೊಡ್ರೋ ಎಂದು ತಾಳಕ್ಕೆ ಸರಿಯಾಗಿ ಗುಡಿಯ ಗೋಡೆ ನಡುಗಿತು. ಮಕ್ಕಳು ಕಿಸಕ್ಕೆಂದರು. ನಗು ತಡೆಯಲು ಹೋಗಿ ಮುದುಕರೊಬ್ಬರು ಕೆಮ್ಮಿದರು, ಅವರ ಕೆಮ್ಮು ಕೇಳಿ ಹತ್ತು ಜನ ನಕ್ಕರು. ಚೌಡಣ್ಣ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

"ನಿಲ್ಲಸ್ರೀ!" ಮಂಜಮ್ಮ ಕಟ್ಟೆಯ ಮುಂದೆ ಬಂದು ನಿಂತಿದ್ದಳು. "ನಾನಾ ಹೇಳ್ತೀನಿ ಪೂರ್ತಿ, ಅದನ್ನ ಆರಸ್ರಿ. ಫೋನ್ ಮಾಡಿದಾಕಿ ನಾನು. ಅವ್ರು ಉಹೂಂ ಅಂದ್ರೂ ಕಾರಿನಾಗ ಕುಂದ್ರಿಸಿದಾಕಿ ನಾನು. ಇದ್ರೆಷ್ಟು ಸತ್ರೆಷ್ಟು ಅಂದಿದ್ದು ನನ್ನ ಮಾತಲ್ರೀ, ಅಲ್ಲಿ ಒಂದು ಹುಡುಗಿ ಹೇಳ್ಕೊಟ್ಟಿದ್ದು. ನಾನು ಬಾಯಿಪಾಠ ಒಪ್ಪಿಸ್ದೆ, ಅಷ್ಟಾ. ನನ್ನ ಗಂಡ ಅತ್ತಿದ್ದು ಏಳು ದಿನದ ಕೂಸಿಗೆ. ನಿಮ್ಮ ಮನ್ಯಾಗ ಹೋಗಿದ್ರ ನೀವು ಅಳತಿದ್ದಿಲ್ಲೇನು?"

ಕೆಮ್ಮಿದ ಮುದುಕರು ಪೇಟ ಸರಿಮಾಡಿಕೊಂಡರು. ಟಿವಿಯವರದೇ ಎಲ್ಲಾ ತಪ್ಪು ಎಂದು ಒಬ್ಬರು ಅಂದದ್ದೇ ಎಲ್ಲರಿಗೂ ಹಗುರಾಯಿತು. ತಾವು ನಕ್ಕದ್ದೂ ಆ ಲೆಕ್ಕದಲ್ಲೇ ಹೋಯಿತು. ಹಾಲೇಶಪ್ಪ ವೀಳ್ಯ ಇಟ್ಟು, "ಮುಗೀತು. ಹೊಸಹಳ್ಳ್ಯಾಗ ಇನ್ನ ಈ ಮಾತಿಲ್ಲ, ಈ ವಿಡಿಯೊ ಇಲ್ಲ" ಎಂದರು. ಜನ ಅಲ್ಲೇ ನಿಂತು ಫೋನಿನಿಂದ ಅದನ್ನು ಅಳಿಸಿದರು. ಅಳಿಸಿದ್ದನ್ನು ಕೆಲವರು ಮಂಜಮ್ಮನಿಗೆ ತೋರಿಸಿಯೂ ಹೋದರು.

ಮನೆಗೆ ಬಂದು ಅವಳು ಒಲೆ ಹಚ್ಚಿ ಅಕ್ಕಿ ತೊಳೆಯುತ್ತಿದ್ದಳು. ಎದೆಯ ಮೇಲಿನ ಭಾರ ಸ್ವಲ್ಪ ಇಳಿದಂತಿತ್ತು.

"ಮಂಜೀ."

ಕೈ ನೀರಿನಲ್ಲೇ ನಿಂತಿತು. ಕೂಸು ಹೋದಾಗಿನಿಂದ ಅವನು ಅವಳ ಹೆಸರು ಕರೆದಿರಲಿಲ್ಲ. ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

"ಹುಡುಗಿ ಹೇಳ್ಕೊಟ್ಲು ಅಂದಿ."

"ಹೂಂರಿ. ಆಕೀನಾ ಹೇಳ್ಕೊಟ್ಟಿದ್ದು."

"ಹೇಳ್ಕೊಟ್ಟಿದ್ದನ್ನ ಅಷ್ಟು ಚಲೋ ಹೆಂಗ ಅಂದಿ?"

ಬಾಯಿಪಾಠರೀ ಎನ್ನುವ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಬೆಳಿಗ್ಗೆ ಊರೇ ಒಪ್ಪಿದ ಮಾತು ಅದು. ಆದರೆ ಹನ್ನೊಂದು ತಿಂಗಳ ಸಿಟ್ಟು ಆ ದೀಪಗಳ ಕೆಳಗೆ ತನ್ನ ಬಾಯಿಂದ ಹೇಗೆ ಹೊರಬಿತ್ತು, ಬಿದ್ದ ಕೂಡಲೇ ಎದೆ ಎಷ್ಟು ತಣ್ಣಗಾಯಿತು ಎನ್ನುವುದು ಅವಳಿಗೆ ಗೊತ್ತಿತ್ತು. ಸುಳ್ಳು ಹೇಳಲೂ ತ್ರಾಣ ಬೇಕು, ಅವಳಲ್ಲಿ ಅದು ಉಳಿದಿರಲಿಲ್ಲ.

"ಆ ಹೊತ್ತಿಗೆ ಖರೇನಾ ಹಂಗ ಅನಿಸಿತ್ರಿ" ಎಂದಳು.

"ಗೊತ್ತಿತ್ತು. ಅದಕಾ ನಾನು ಅತ್ತಿದ್ದು. ಕೂಸು ನೆಪ." ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದ, "ಈಗ?"

"ಈಗ ನೀವು ಇರಬೇಕ್ರಿ" ಎಂದಳು ಮಂಜಮ್ಮ. "ಮಾತಾಡದಿದ್ರೂ ಇರಬೇಕು."

ಯಾರೂ ಹೇಳಿಕೊಟ್ಟ ಮಾತಲ್ಲ ಅದು. ಆದರೆ ದನಿ ಸಣ್ಣದಾಗಿ, ಗೊಗ್ಗರಾಗಿ, ಯಾರೋ ಹೇಳಿಕೊಟ್ಟಿದ್ದನ್ನು ಒಪ್ಪಿಸಿದ ಹಾಗೆ ಹೊರಬಂತು. ಆವತ್ತಿನ ಮಾತನ್ನು ಲಕ್ಷಾಂತರ ಜನ ಕೇಳಿ ನಂಬಿದ್ದರು. ಇದನ್ನು ನಂಬಬೇಕಾದವನು ಒಬ್ಬನೇ, ಅವನು ಇನ್ನೂ ಅವಳ ಮುಖವನ್ನೇ ನೋಡುತ್ತಾ ನಿಂತಿದ್ದ.