ಗಬ್ಬೆದ್ದ ಗ್ಲೇಜು

ಮುಚ್ಚಳ ತೆಗೆದದ್ದೇ ತಡ, ಮುದುಕ ಮುಖವನ್ನು ಪಕ್ಕಕ್ಕೆ ತಿರುಗಿಸಿದ. ಬಕೆಟ್ಟಿನ ಮೇಲೆ ಕಪ್ಪು ಬೂಷ್ಟು ದಪ್ಪಗೆ ಹೆಪ್ಪುಗಟ್ಟಿತ್ತು. ಸಂದಿಯಿಂದ ಗುಳ್ಳೆಗಳೆದ್ದು ಒಡೆಯುತ್ತಿದ್ದವು. ಸತ್ತ ಇಲಿಯ ನಾತವಾದರೂ ಇದಕ್ಕಿಂತ ವಾಸಿ.

ಅವನ ಹೆಂಡತಿ ಕಲಸಿಟ್ಟ ಕೊನೆಯ ಗ್ಲೇಜು ಅದು. ಚಕ್ರದ ಮೇಲೆ ಮಣ್ಣು ತಿರುವಿ ಪಾತ್ರೆ ಎತ್ತುವುದು ಅವನ ಕೆಲಸವಾದರೆ, ಅದಕ್ಕೆ ಹೊಳಪು ಕೊಡುವ ಲೇಪ ಅವಳದು. ಬಣ್ಣದ ಅಳತೆಯನ್ನು ಅವಳು ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ. ಈಗ ಅವಳ ಚಿತಾಭಸ್ಮ ಇಡುವ ಜಾಡಿ ಗೂಡಿನಲ್ಲಿ ಒಮ್ಮೆ ಸುಟ್ಟು ಸಿದ್ಧವಾಗಿತ್ತು. ಅದಕ್ಕೆ ಅವಳದೇ ಗ್ಲೇಜು ಆಗಬೇಕೆಂಬುದು ಅವನ ಹಟ.

"ಇದಕ್ಕೇನು ಸುರಿದೆಯೋ?" ಎಂದು ತಮ್ಮನನ್ನು ಕೇಳಿದ.

"ಎಲ್ಲಾ ತಳದಲ್ಲಿ ಕೂತುಬಿಟ್ಟಿತ್ತು ಅಣ್ಣಾ, ಮೇಲೆ ಬರೀ ನೀರು. ಮಂದವಾಗ್ಲಿ ಅಂತ ಹಿಟ್ಟು ಬೇಯಿಸಿ ಅಂಟು ಮಾಡಿ ಹಾಕ್ದೆ. ಗೋಡೆಗೆ ಕಾಗದ ಅಂಟಿಸ್ತೀವಲ್ಲ, ಅದೇ."

"ಮುಠ್ಠಾಳ! ಈ ಸೆಕೆಗೆ ಹಿಟ್ಟು ಕೊಳೆಯಲ್ವೇನೋ?"

"ಅತ್ತಿಗೇನೂ ಏನೋ ಹಾಕ್ತಿದ್ರಪ್ಪ..."

"ಅವಳು ಹಾಕ್ತಿದ್ದಿದ್ದು ಬೆಂಟೊನೈಟ್ ಜೇಡಿ. ಅದೂ ಪುಡಿಗಳು ಒಣಗಿರುವಾಗ್ಲೇ ಬೆರೆಸೋಳು. ಆಮೇಲೂ ತಳ ಹಿಡಿದ್ರೆ ಚಿಟಿಕೆ ಎಪ್ಸಮ್ ಉಪ್ಪು. ಕದಡದೆ ಇಷ್ಟು ತಿಂಗಳು ಬಿಟ್ರೆ ಯಾವುದು ಕೂರಲ್ಲ?"

ಮಗಳು ಬಾಗಿಲಲ್ಲೇ ಮೂಗು ಮುಚ್ಚಿ ನಿಂತಳು. "ಚೆಲ್ಲಿಬಿಡಿ ಅಪ್ಪಾ. ಅಮ್ಮ ಇದ್ದಿದ್ರೆ ಮೊದ್ಲು ಚಿಕ್ಕಪ್ಪನ್ನ ಚೆಲ್ತಿದ್ಲು."

"ಕೆಟ್ಟ ನೀರು ಬಸಿದು ಬೇರೆ ನೀರು ಹಾಕೋಣ," ಎಂದ ತಮ್ಮ.

"ಮುಟ್ಟಬೇಡ! ಇದು ಕಟ್ಟಿಗೆ ಬೂದಿಯ ಗ್ಲೇಜು. ಬೂದಿಯ ಕ್ಷಾರ ಆ ನೀರಲ್ಲೇ ಕರಗಿದೆ. ಅದನ್ನ ಚೆಲ್ಲಿದ್ರೆ ಅವಳ ಹಸಿರು ಬರಲ್ಲ."

ಮುದುಕ ಬೂಷ್ಟನ್ನು ಸೌಟಿನಿಂದ ಎತ್ತಿ ಹಾಕಿ, "ದೇವರೇ," ಎನ್ನುತ್ತ ಮೊಣಕೈವರೆಗೆ ಕೈ ಇಳಿಸಿದ. ಲೋಳೆ ಬೆರಳ ಸಂದಿಗೆಲ್ಲ ಹೊಕ್ಕಿತು. ತಳದ ಗಟ್ಟಿಯನ್ನು ಉಗುರಿನಿಂದ ಕೆದಕುವಾಗ ಎರಡು ಸಲ ಓಕರಿಸಿದ. ಬದುಕಿದ್ದಷ್ಟು ದಿನವೂ ಅವಳು ಜರಡಿಯನ್ನು ತೊಳೆಯದೆ ಮಲಗಿದವಳಲ್ಲ. ಅವಳ ಪದಾರ್ಥಕ್ಕೆ ಈ ಗತಿ! ಎಪ್ಸಮ್ ಉಪ್ಪಿನ ನೀರು ಹನಿಸಿ ಕಲಕಿದಂತೆ ಗ್ಲೇಜು ಕೆನೆಯ ಹದಕ್ಕೆ ಬಂತು. ಸೋಸಿ, ಜಾಡಿಯನ್ನು ಅದ್ದಿ, ಗೂಡಿಗೆ ಇಟ್ಟ.

ಸೋಪು ಸವೆಯುವಷ್ಟು ತೊಳೆದರೂ ನಾತ ಬಿಡಲಿಲ್ಲ. ಪ್ರಾರ್ಥನೆಗೆ ಕೈ ಜೋಡಿಸಿದಾಗ ಮೂಗಿಗೆ ಅದೇ ಬಡಿಯಿತು. ಮುಖ ಕಿವುಚಿಕೊಂಡೇ ಪ್ರಾರ್ಥನೆ ಮುಗಿಸಿದ.

ಗೂಡು ಆರಿದ ಮೇಲೆ ಜಾಡಿ ತೆಗೆದರು. ನಾತವೆಲ್ಲ ಸುಟ್ಟುಹೋಗಿತ್ತು. ಹಸಿರು ಅವಳದೇ, ಅನುಮಾನವೇ ಇಲ್ಲ. ಆದರೆ ಒಂದು ಬದಿಯಲ್ಲಿ ಅಂಗೈಯಗಲ ಗ್ಲೇಜು ಮುದುಡಿ ಹಿಂದೆ ಸರಿದು, ಬೋಳು ಮಣ್ಣು ಗಜ್ಜಿಯಂತೆ ಕಾಣುತ್ತಿತ್ತು. ಹಿಟ್ಟಿನ ಅಂಟು ಹೆಚ್ಚಾದ ಕಡೆ ಹೀಗೇ ಆಗುವುದು. ಮುದುಕ ಅದನ್ನು ಸವರಿ, ಕೈಯನ್ನು ಅಂಗಿಗೆ ಒರೆಸಿಕೊಂಡ.

ಭಸ್ಮ ತುಂಬಿ ಜಾಡಿಯನ್ನು ಹಲಗೆಯ ಮೇಲಿಟ್ಟಾಗ ತಮ್ಮ ಮೆಲ್ಲಗೆ ಹೇಳಿದ: "ಆ ಬದೀನ ಗೋಡೆ ಕಡೆ ತಿರುಗಿಸ್ಲಾ ಅಣ್ಣಾ?"

"ಬೇಡ. ನೀನು ದಿನಾ ಕೂತ್ಕೊಳ್ಳೋ ಕಡೆ ತಿರುಗಿಸು."