ಹುಡುಗನ ಕಡೆಯವರು

“ತಪ್ಪ ತಿಳ್ಕೋಬ್ಯಾಡ್ರಿ ಸರ. ನಿಮ್ಮ ಮಗಳನ್ನ ಈ ಹುಡುಗಗ ಕೊಡ್ತಿದ್ರೇನ್ರಿ?” ಎಂದು ಉದಯಕುಮಾರ ಕೇಳಿದಾಗ ಮಹಾದೇವಪ್ಪನವರ ಬಾಯಲ್ಲಿ ಸಿಹಿ ಶಿರಾದ ತುತ್ತಿತ್ತು.

ನುಂಗಿದರು. ನೀರು ಕುಡಿದರು. ಲೋಟವನ್ನು ಸದ್ದಾಗದಂತೆ ಟೀಪಾಯಿಯ ಮೇಲಿಟ್ಟರು.

“ಆಕಿ ಇನ್ನಾ ಓದಾಕತ್ತಾಳ್ರಿ,” ಎಂದರು.

ಗೋಕುಲ ರಸ್ತೆಯ ಹಿಂದಿನ ಆ ಮನೆಗೆ ಅವರು ಹುಡುಗನನ್ನು ಕರೆದುಕೊಂಡು ಹೆಣ್ಣು ನೋಡಲು ಬಂದಿದ್ದರು. ಪಕ್ಕದಲ್ಲಿ ಕೂತಿದ್ದ ಅಂಬರೀಷ ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಚಮಚದಿಂದ ಒಂದು ಬದಿಗೆ ಸರಿಸಿದ. ತುಸು ಮೊದಲಷ್ಟೇ ಅವನೂ ಉದಯಕುಮಾರನ ಮಗಳು ಭಾಗ್ಯಾಳೂ ಮಾಳಿಗೆಯ ಮೇಲೆ ಹತ್ತು ನಿಮಿಷ ಮಾತಾಡಿ ಬಂದಿದ್ದರು. ಇಳಿಯುವಾಗ ಇಬ್ಬರೂ ನಗು ತಡೆದುಕೊಂಡಿದ್ದರು.

“ತಿಳೀತ್ ಬಿಡ್ರಿ,” ಎಂದ ಉದಯಕುಮಾರ. “ಚಹಾ ತಗೋರ್ರಿ.”

ಅಂಬರೀಷನಿಗೆ ತಂದೆ ತಾಯಿ ಯಾರೆಂದು ಗೊತ್ತಿರಲಿಲ್ಲ. ಬೆಳೆದದ್ದು ಅನಾಥಾಶ್ರಮದಲ್ಲಿ. ಹದಿನೆಂಟು ತುಂಬಿ ಅಲ್ಲಿಂದ ಹೊರಬಿದ್ದ ಮಕ್ಕಳಿಗೆ ಒಬ್ಬೊಬ್ಬರು ಹಿರಿಯರಾಗಿ ನಿಲ್ಲಬೇಕೆಂದು ಧಾರವಾಡದ ಬುದ್ಧವಿಹಾರದಲ್ಲಿ ಭಿಕ್ಷುಗಳಾದ ಭಂತೇಜಿ ಕೇಳಿದಾಗ ಮೊದಲು ಎದ್ದು ನಿಂತವರು ಮಹಾದೇವಪ್ಪ. ಬುದ್ಧನ ಮೂರ್ತಿಯ ಮುಂದೆ ಮೇಣದಬತ್ತಿ ಹಚ್ಚಿ, ಶರಣು ಹೇಳಿ, “ಇವನ ಸುಖಕ್ಕೂ ದುಃಖಕ್ಕೂ ನಾನು ಹಿರಿಯ” ಎಂದು ಎಲ್ಲರೆದುರು ನುಡಿದಿದ್ದರು. ಅದಕ್ಕೆ ಎಂಟು ವರ್ಷ. ಪ್ರತಿ ರವಿವಾರ ವಂದನೆ ಮುಗಿಸಿ ಹುಡುಗ ಇವರ ಮನೆಯಲ್ಲೇ ಉಣ್ಣುತ್ತಿದ್ದ. ಐಟಿಐ ಅರ್ಜಿ ತುಂಬಿದ್ದು ಇವರು, ಕಾಮಾಲೆಯಾಗಿ ಮಲಗಿದಾಗ ಆಸ್ಪತ್ರೆಯಲ್ಲಿ ಕೂತದ್ದು ಇವರು, ಲೈನ್‌ಮನ್ ಕೆಲಸದ ಆದೇಶ ಬಂದಾಗ ಅವನು ಮೊದಲು ತಂದು ತೋರಿಸಿದ್ದೂ ಇವರಿಗೇ. ಈಗ ಹುಡುಗನ ಕಡೆಯವರೆಂದು ಬಂದವರೂ ಇವರೊಬ್ಬರೇ.

ಧಾರವಾಡಕ್ಕೆ ಮರಳುವ ಬಸ್ಸಿನಲ್ಲಿ ಅಂಬರೀಷ ಅವರನ್ನು ಕಿಟಕಿಯ ಬದಿಗೆ ಕೂಡಿಸಿದ. ನವಲೂರು ದಾಟಿದ ಮೇಲೆ, “ಮಂದಿ ಛಲೋ ಅದಾರಲ್ರಿ ಕಾಕಾ,” ಎಂದ.

“ಹೂಂ,” ಎಂದರು ಮಹಾದೇವಪ್ಪ.

ಅವರು ಮೂವತ್ತೈದು ವರ್ಷದ ಹಿಂದಿನ ಒಂದು ಹೊಸ್ತಿಲನ್ನು ನೆನೆಯುತ್ತಿದ್ದರು. ಹೊಸದಾಗಿ ಮಾಸ್ತರಿಕೆ ಸಿಕ್ಕಿ ಬಾಡಿಗೆ ಮನೆ ಹುಡುಕುವಾಗ ಒಬ್ಬ ಮಾಲೀಕ ಎಲ್ಲ ಕೋಣೆ ತೋರಿಸಿ, ಕೊನೆಗೆ, “ನಿಮ್ಮ ಪೈಕಿ ಯಾವುದ್ರಿ?” ಎಂದು ಜಾತಿ ಕೇಳಿದ್ದ. ಹೇಳಿದ ಮೇಲೆ ಅವನು ಇಲ್ಲ ಅನ್ನಲಿಲ್ಲ. ಒಂದು ಗಳಿಗೆ ಸುಮ್ಮನಿದ್ದು, ತಮ್ಮನನ್ನು ಕೇಳಿ ಹೇಳುತ್ತೇನೆ ಎಂದಿದ್ದ. ಆ ಗಳಿಗೆಯ ಬಗ್ಗೆ ಮಹಾದೇವಪ್ಪ ಎಷ್ಟೋ ಸಭೆಗಳಲ್ಲಿ ಮಾತಾಡಿದ್ದರು. ಇಂದು ಅದೇ ಸುಮ್ಮನಿರುವಿಕೆ ತಮ್ಮ ಬಾಯಿಂದಲೇ ಹೊರಬಿದ್ದಿತ್ತು. ನೀರು ಕುಡಿಯುವಾಗ ಮಗಳು ಸ್ನೇಹಲ್‌ಳ ಮುಖ ಕಣ್ಣಿಗೆ ಬಂದಿತ್ತು, ಅದರ ಹಿಂದೆಯೇ ‘ಯಾರ ಮಗನೋ ಏನೋ’ ಎಂಬ ಮಾತು ಕೂಡ.

ಮನೆಗೆ ಬಂದು ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದರು. ಬಿಡಿಸುತ್ತಿದ್ದ ಮೆಂತ್ಯಸೊಪ್ಪನ್ನು ಶೇವಂತೆವ್ವ ಮಡಿಲಿನಿಂದ ಕೆಳಗಿಟ್ಟರು.

“ನಮ್ಮ ಮಗಾ ಅದಾನ್ರಿ, ಸ್ನೇಹಲ್‌ಗ ಅಣ್ಣ ಆಗ್ತಾನ, ಅಣ್ಣಗ ತಂಗೀನ ಹೆಂಗ ಕೊಡೂದ್ರಿ ಅಂದಿದ್ರ ಮುಗೀತಿತ್ತಲ್ರಿ. ಅವ್ರೂ ನಗತಿದ್ರು.”

ಮಹಾದೇವಪ್ಪ ಹೆಂಡತಿಯ ಮುಖವನ್ನೇ ನೋಡಿದರು. ಎಷ್ಟು ಸಲೀಸಾದ ಉತ್ತರ. ಬಸ್ಸಿನ ದಾರಿಯುದ್ದಕ್ಕೂ ಹೌದು ಅನ್ನಬೇಕಿತ್ತೋ ಇಲ್ಲ ಅನ್ನಬೇಕಿತ್ತೋ ಎಂದು ತಿಣುಕಿದ್ದರೇ ಹೊರತು, ಈ ಮಾತು ಒಮ್ಮೆಯೂ ಹತ್ತಿರ ಸುಳಿದಿರಲಿಲ್ಲ.

“ನಿಮಗ ಹೊಳೀಲಿಲ್ಲೇನ್ರಿ?” ಎಂದು ಶೇವಂತೆವ್ವ ಮೆಲ್ಲಗೆ ಕೇಳಿದರು. ಉತ್ತರಕ್ಕೆ ಕಾಯದೆ ಮತ್ತೆ ಸೊಪ್ಪು ಎತ್ತಿಕೊಂಡರು.

ಮಂಗಳವಾರ ಉದಯಕುಮಾರನ ಫೋನು ಬಂತು. “ಹುಡುಗನ ಮ್ಯಾಲೆ ನಮ್ಮದೇನೂ ಇಲ್ರಿ. ಭಾಗ್ಯಾನೂ ಒಲ್ಲೆ ಅಂದಿಲ್ಲ. ಆದ್ರ ಎಂಟ ವರ್ಷ ಅವನ್ನ ನೋಡಿದವ್ರು ನೀವು. ನೀವ ಹಿಂಗ ಅನುಮಾನ ಮಾಡಿದ್ರ, ಒಂದ ದಿನಾ ನೋಡಿದ ನಮಗ ಧೈರ್ಯ ಎಲ್ಲಿಂದ ಬರ್ಬೇಕ್ರಿ?”

“ಅನುಮಾನ ಅಲ್ರಿ ಅದು. ಹುಡುಗ ಬಂಗಾರದಂಥವ. ನನ್ನ ಬಾಯಿ ತಪ್ತು…”

“ಇರ್ಲಿ ಬಿಡ್ರಿ ಸರ,” ಎಂದು ಆತ ಮರ್ಯಾದೆಯಿಂದಲೇ ಫೋನಿಟ್ಟ.

ಸಂಬಂಧ ತಪ್ಪಿದ್ದನ್ನು ಫೋನಿನಲ್ಲಿ ಹೇಳಲು ಮನಸ್ಸಾಗದೆ, ಮಹಾದೇವಪ್ಪ ಮರುದಿನ ಸಂಜೆ ಧಾರವಾಡದಲ್ಲೇ ಓಣಿಯೊಂದರಲ್ಲಿದ್ದ ಅಂಬರೀಷನ ಕೋಣೆಗೆ ಹೋದರು. ಅವನು ಆಗಷ್ಟೇ ಪಾಳಿ ಮುಗಿಸಿ ಬಂದು ಮುಖ ತೊಳೆದಿದ್ದ. ಇವರನ್ನು ಕುರ್ಚಿಯ ಮೇಲೆ ಕೂಡಿಸಿ ಚಹಾಕ್ಕಿಟ್ಟ. ಅವರು ಹೇಳಿದ್ದನ್ನು ಬೆನ್ನು ತಿರುಗಿಸಿ ನಿಂತೇ ಕೇಳಿದ.

“ನನ್ನಿಂದ ಆತಪಾ,” ಎಂದರು ಮಹಾದೇವಪ್ಪ. “ಇವ ನನ್ನ ಮಗಾ, ನನ್ನ ಮಗಳಿಗೆ ಅಣ್ಣ ಅಂತ ಅನಬೇಕಿತ್ತು ನಾ. ಅಷ್ಟ ಅಂದಿದ್ರ ಸಾಕಿತ್ತು.”

ಚಹಾ ಉಕ್ಕಿ ಬಂತು. ಅಂಬರೀಷ ಒಲೆ ಸಣ್ಣ ಮಾಡಿದ.

“ಆವಾಗ ಹೊಳೀಲಿಲ್ಲಲ್ರಿ ಕಾಕಾ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. “ಹೊಳೀದಿದ್ದದ್ದನ್ನ ಹೆಂಗ ಅನ್ನಾಕ ಬರ್ತದ್ರಿ? ನೀವ ಸುಳ್ಳ ಹೇಳಲಿಲ್ಲ. ಅದನ್ನ ನೀವ ಕಲಿಸಿದ್ದು.”

ಎರಡು ಕಪ್ಪಿಗೂ ಸೋಸಿ, ಒಂದನ್ನು ಅವರ ಕೈಗಿತ್ತ. ತನ್ನದನ್ನು ಅರ್ಧ ಕುಡಿಯುವಷ್ಟರಲ್ಲಿ ಅವನ ಫೋನು ರಿಂಗಾಯಿತು. ಎಲ್ಲೋ ತಂತಿ ಹರಿದಿತ್ತು. ಕಂಬದ ನಂಬರು ಕೇಳಿಕೊಂಡು, ಮೊಳೆಗೆ ತೂಗುಹಾಕಿದ್ದ ರಬ್ಬರಿನ ಕೈಗವಸು ತೆಗೆದುಕೊಂಡ.

“ನೀವ ಆರಾಮ ಕುಡದ ಹೋಗ್ರಿ. ಬಾಗಲಾ ಎಳಕೊಂಡ ಹೋದ್ರ ಸಾಕು,” ಎಂದು ಚಪ್ಪಲಿ ಮೆಟ್ಟಿದ.

“ರವಿವಾರ ಉಣ್ಣಾಕ ಬರ್ತಿ ಹೌದಲ್ಲ?” ಎಂದು ಮಹಾದೇವಪ್ಪ ಕೇಳಿದರು.

ಅವನು ಆಗಲೇ ಮೆಟ್ಟಿಲಿಳಿಯುತ್ತಿದ್ದ. ಕೆಳಗೆ ಗಾಡಿ ಚಾಲೂ ಆದ ಸದ್ದು ಕೇಳಿಸಿತು.

ಮಹಾದೇವಪ್ಪ ಆರಿದ ಚಹಾ ಕುಡಿದರು. ಎದ್ದು ಎರಡೂ ಕಪ್ಪು ತೊಳೆದು ಬೋರಲು ಹಾಕಿದರು, ಒಲೆಯ ಸುತ್ತ ಚೆಲ್ಲಿದ್ದನ್ನು ಒರೆಸಿದರು. ಬಾಗಿಲವರೆಗೆ ಬಂದು ಅಗುಳಿಗೆ ಕೈ ಹಾಕಿದರು. ಆದರೆ ಎಳೆಯಲಿಲ್ಲ, ಹೊಸ್ತಿಲ ಮೇಲೆ ಕೂತು, ಓಣಿಯಲ್ಲಿ ಬರುವ ಒಂದೊಂದು ಗಾಡಿಯ ಸದ್ದಿಗೂ ಕತ್ತೆತ್ತಿ ನೋಡತೊಡಗಿದರು.